ಬಲಿತ ಹುರುಳಿಕಾಯಿ

ತಮ್ಮ ತನ್ನ ಹೆಂಡತಿಯನ್ನು ನನ್ನ ಅಡುಗೆಮನೆಯೊಳಕ್ಕೆ ತಳ್ಳಿದ ರಭಸಕ್ಕೆ ಅವಳ ಸೊಂಟ ಮೇಜಿನ ಮೂಲೆಗೆ ಬಡಿಯಿತು. ಅವಳು ಹಾ ಎನ್ನಲಿಲ್ಲ. ಹಾ ಎಂದರೆ ಇನ್ನೊಂದು ಬೀಳುತ್ತದೆ ಎಂದು ಗೊತ್ತಿರುವವರು ಮಾತ್ರ ಹಾಗೆ ಬಾಯಿ ಕಟ್ಟಿಕೊಂಡಿರುತ್ತಾರೆ. ಅಪ್ಪನ ಕಾಲದಲ್ಲಿ ನಾನೂ ಹಾಗೇ ಇದ್ದವಳು.

"ಅಕ್ಕಾ, ಇವಳಿಗೆ ಹುರುಳಿಕಾಯಿ ಪಲ್ಯ ಕಲಿಸಿಕೊಡು," ಎಂದ ತಮ್ಮ. ನಗುತ್ತಿದ್ದ. "ಮದುವೆ ಆದಾಗಿಂದ ಹೇಳ್ತಾನೇ ಇದೀನಿ, ಒಂದು ದಿನಾನೂ ನಿನ್ನ ಕೈರುಚಿ ಬಂದಿಲ್ಲ. ಮಧ್ಯಾಹ್ನ ಊಟಕ್ಕೆ ಬರ್ತೀನಿ. ಇವತ್ತೂ ಬರ್ಲಿಲ್ಲ ಅಂದ್ರೆ ಆಮೇಲೆ ನನ್ನ ಏನೂ ಅನ್ನಬೇಡ, ನಾನೇ ನೋಡ್ಕೋತೀನಿ."

ಚೀಲವನ್ನು ಮೇಜಿನ ಮೇಲೆ ಇಟ್ಟು, ನನ್ನ ಕೆನ್ನೆ ಹಿಂಡಿ, ಮೆಟ್ಟಿಲಿಳಿದು ಹೋದ. ಲಿಫ್ಟ್ ರಿಪೇರಿ ಕೆಲಸ ಅವನದು. ದೊಡ್ಡ ದೊಡ್ಡ ಕಟ್ಟಡಗಳಲ್ಲಿ ಸಿಕ್ಕಿಕೊಂಡವರನ್ನು ಹೊರಗೆಳೆದು, ನೀರು ಕುಡಿಸಿ, ಬೆನ್ನು ತಟ್ಟಿ ಕಳಿಸುತ್ತಾನೆ. ಹೊರಗೆ ಎಲ್ಲರೂ ಅವನನ್ನು ಹೊಗಳುವವರೇ. ಆರಡಿ ಎತ್ತರದ ಗಂಡಸನ್ನು ನಾನು ಇನ್ನೂ ಮುದ್ದು ಎಂದೇ ಕರೆಯುತ್ತೇನೆ. ಅಮ್ಮ ಸತ್ತಾಗ ಅವನಿಗೆ ಹಾಲುಹಲ್ಲೂ ಬಿದ್ದಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಹೆರದೆ ಸಾಕಿದವಳ ಗತಿ ಅದಕ್ಕಿಂತ ಕಡೆ.

ಚೀಲ ಬಿಚ್ಚಿದೆ. ಎಳೆಯ ಹುರುಳಿಕಾಯಿ, ಒಂದೇ ಉದ್ದ, ಒಂದೇ ಬಣ್ಣ, ಹೂವಿನ ತುದಿ ಇನ್ನೂ ಅಂಟಿಕೊಂಡಿದೆ. ಪೇಟೆಯಲ್ಲಿ ಸಿಗುವುದರಲ್ಲೇ ಮೊದಲನೇ ತರದ್ದು.

"ನಾರು ತೆಗೆದು ಮುರಿ," ಎಂದು ಅವಳ ಮುಂದೆ ಸುರಿದೆ.

ಅವಳು ಬಲಗೈಯೊಂದರಲ್ಲೇ ಮುರಿಯಲು ಹೊರಟಳು. ಕಾಯಿಯನ್ನು ಮೇಜಿಗೆ ಒತ್ತಿ, ಹೆಬ್ಬೆರಳಲ್ಲಿ ಬಗ್ಗಿಸಿ. ಎಡಗೈ ಸೆರಗಿನ ಕೆಳಗೇ ಇತ್ತು. ಸೆರಗು ಸ್ವಲ್ಪ ಸರಿದಾಗ ಸೊಟ್ಟಗಾದ ಬೆರಳಿನ ತುದಿ, ರವಿಕೆಯ ಕುತ್ತಿಗೆಯ ಹತ್ತಿರ ಕಂದು ಕಲೆ ಕಂಡವು.

ನಾನು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಮಾಡುವವಳು. ರಕ್ತದ ಕಲೆಯನ್ನು ಯಾರೂ ನನಗೆ ಪರಿಚಯ ಮಾಡಿಕೊಡಬೇಕಿಲ್ಲ. ತಣ್ಣೀರಲ್ಲಿ ನೆನೆಸಿದರೆ ಹೋಗುತ್ತದೆ. ಹೆದರಿಕೊಂಡು, ಅವಸರಕ್ಕೆ ಬಿಸಿನೀರು ಸುರಿದರೆ ಹೀಗೆ ಕಂದಾಗಿ ಕೂತುಬಿಡುತ್ತದೆ.

"ಏನೇ ಅದು?"

"ಮೂಗಿಂದ ಬಂತು ಅತ್ತಿಗೆ. ಸೆಕೆಗೆ."

"ಸೆಕೆಗೆ ಬೆರಳೂ ಸೊಟ್ಟ ಆಗುತ್ತಾ? ತೆಗಿ ಕೈ."

ತೆಗೆಯಲಿಲ್ಲ. ನಾನೇ ಹಿಡಿದೆಳೆದೆ. ನಡುವಿನ ಎರಡು ಬೆರಳು ಗಂಟುಗಂಟಾಗಿ ತಿರುಚಿಕೊಂಡಿದ್ದವು. ಅಂಗೈಗೆ ಅಡ್ಡಲಾಗಿ ಬಳೆಯ ಅಂಚಿನ ಹಾಗೆ ಬಾಗಿದ ಸುಟ್ಟ ಗೆರೆ. ಅದು ಪಾತ್ರೆಯ ಬಾಯಿಯ ಅಂಚು ಎಂದು ತಿಳಿಯಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

"ಪಲ್ಯ ಸೀದು ಹೋಗುತ್ತೇನೋ ಅಂತ ಮುಚ್ಚಳ ತೆಗೆದೆ ಅತ್ತಿಗೆ. ತೆಗೀಬಾರದು ಅಂತ ಅವರು ಹೇಳಿದ್ರು. ಭಯ ಆಯ್ತು, ತೆಗೆದೆ. ಕೈ ಅಲ್ಲೇ ಇಡಿಸಿ ಮುಚ್ಚಳ ಒತ್ತಿದ್ರು. 'ನಮ್ಮಕ್ಕ ಯಾವತ್ತಾದ್ರೂ ತೆಗೆದಿದ್ಳಾ, ಹೇಳು' ಅಂತ ಕೇಳ್ತಾ ಕೇಳ್ತಾ ಒತ್ತಿದ್ರು."

ಹೇಳಿ ಮುಗಿಸಿ ಮತ್ತೆ ಕಾಯಿ ಮುರಿಯತೊಡಗಿದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಕ್ಕ, ನಮ್ಮಕ್ಕ ಎಂದು ಬೀದಿಬೀದಿಯಲ್ಲಿ ಹೊಗಳುತ್ತಿದ್ದನಲ್ಲ, ಆ ನಮ್ಮಕ್ಕನನ್ನೇ ದೊಣ್ಣೆ ಮಾಡಿಕೊಂಡಿದ್ದ.

ನಾನು ಮುಚ್ಚಳ ತೆಗೆಯುತ್ತಿರಲಿಲ್ಲ ಎಂಬುದು ನಿಜ. ಅಪ್ಪ ಮಾರುಕಟ್ಟೆಯಲ್ಲಿ ಮೂಟೆ ಇಳಿಸುತ್ತಿದ್ದ. ಅಂಗಡಿಯವರು ಗುಡಿಸಿ ಬಿಸಾಕಿದ ಹುರುಳಿಕಾಯಿಯನ್ನು ಅಂಗಿಯ ಮಡಿಲಲ್ಲಿ ತುಂಬಿಕೊಂಡು ಬರುತ್ತಿದ್ದ. ಬಲಿತು ಬೆಂಡಾದದ್ದು, ಒಳಗೆ ಕಾಳು ಉಬ್ಬಿದ್ದು, ಸಿಪ್ಪೆ ಚಕ್ಕಳದಂಥದ್ದು. ಅದು ಬೇಯಬೇಕಾದರೆ ಹೊತ್ತು ಬೇಕು. ಸಣ್ಣ ಉರಿಯಲ್ಲಿ ಅದರ ಪಾಡಿಗೆ ಅದನ್ನು ಬಿಡುತ್ತಿದ್ದೆ. ಮುಚ್ಚಳದ ಮೇಲೆ ಭಾರ ಹೇರುತ್ತಿದ್ದದ್ದು ಆವಿಗಾಗಿ ಮಾತ್ರ ಅಲ್ಲ, ಮುದ್ದುವಿನ ಕೈಗಾಗಿ. ಹಸಿದ ಹುಡುಗ ಒಂದೊಂದೇ ಹೆಕ್ಕಿ ತಿಂದರೆ ಅಪ್ಪನ ತಟ್ಟೆಗೆ ಕಡಿಮೆ ಬೀಳುತ್ತಿತ್ತು. ಕಡಿಮೆ ಬಿದ್ದರೆ ಬೆಲ್ಟು ಬಿಚ್ಚುತ್ತಿದ್ದ. ಬೆಲ್ಟು ಮುದ್ದುವಿನ ಕಡೆ ಬಂದಾಗೆಲ್ಲ ನಾನು ಅಡ್ಡ ಬಂದು ಬೆನ್ನು ಕೊಡುತ್ತಿದ್ದೆ. ಅವನು ನನ್ನ ಲಂಗದ ಹಿಂದೆ ಕೂತು ಎಲ್ಲ ನೋಡುತ್ತಿದ್ದ. ಏಟು ಎಂಬುದು ಹೆಂಗಸಿನ ಮೈಮೇಲೆ ಬೀಳುವ ವಸ್ತು ಎಂದು ಅವನು ಅಲ್ಲಿಂದಲೇ ಕಲಿತಿರಬೇಕು.

ಈಗ ನಮ್ಮ ಮುದ್ದು ಸಾಹೇಬರು ಪೇಟೆಗೆಲ್ಲ ಎಳೆಯದನ್ನು ಆರಿಸಿ ತರುತ್ತಾರೆ. ಎಳೆಯದನ್ನು ಅಷ್ಟು ಹೊತ್ತು ಬೇಯಿಸಿದರೆ ಅಂಟು ಮುದ್ದೆಯಾಗುತ್ತದೆ, ಬೇಗ ಇಳಿಸಿದರೆ ಹಸಿರು ವಾಸನೆ ಬಡಿಯುತ್ತದೆ. ದೇವರೇ ಇಳಿದು ಬಂದು ಸೌಟು ಹಿಡಿದರೂ ಅದರಲ್ಲಿ ಆ ರುಚಿ ಬರುವುದಿಲ್ಲ. ಇವಳು ಬರಿಸಲಾಗದ ರುಚಿಗಾಗಿ ಇಷ್ಟು ವರ್ಷ ಒದೆ ತಿಂದಿದ್ದಳು.

"ಇದನ್ನ ತೆಗೆದಿಡು. ಬಂದೆ," ಎಂದು ಚಪ್ಪಲಿ ಮೆಟ್ಟಿ ಬೀದಿಯ ಕೊನೆಯ ತರಕಾರಿ ಅಂಗಡಿಗೆ ನಡೆದೆ.

"ಬಲಿತದ್ದು ಇದೆಯಾ? ಯಾರೂ ತಗೊಳ್ಳದೆ ಉಳಿದದ್ದು?"

ತರಕಾರಿಯವ ಬುಟ್ಟಿಯ ತಳ ಕೆದಕಿ ಕೊಟ್ಟ. "ಯಾಕಕ್ಕಾ, ಮನೇಲಿ ಕುದುರೆ ಕಟ್ಟಿದ್ಯಾ?"

"ಕತ್ತೆ ಕಟ್ಟಿದೀನಿ. ಮಧ್ಯಾಹ್ನ ಊಟಕ್ಕೆ ಬರುತ್ತೆ," ಎಂದೆ. ಅವನು ನಕ್ಕ. ನನಗೆ ನಗು ಬರಲಿಲ್ಲ.

ಅವಳ ಕೈಯಲ್ಲೇ ಮಾಡಿಸಿದೆ. ದಪ್ಪ ತಳದ ಪಾತ್ರೆಗೆ ಎಣ್ಣೆ, ಧಾರಾಳವಾಗಿ. ಈರುಳ್ಳಿ ಬಾಡಿದ ಮೇಲೆ ಜಜ್ಜಿದ ಬೆಳ್ಳುಳ್ಳಿ. ನಾರು ತೆಗೆದು ಮುರಿದ ಕಾಯಿಯನ್ನು ಹಾಕಿ, ಎಣ್ಣೆ ಹತ್ತುವವರೆಗೆ ಹೊರಳಿಸಿ, ಮೇಲೆ ಕಿವುಚಿದ ಟೊಮೇಟೊ, ಉಪ್ಪು. ನೀರು ಒಂದು ಹನಿಯೂ ಇಲ್ಲ. ಮುಚ್ಚಳ ಮುಚ್ಚಿ, ಅದರ ಮೇಲೆ ನನ್ನ ಹಳೇ ಇಸ್ತ್ರಿಪೆಟ್ಟಿಗೆ ಹೇರಿ, ಉರಿಯನ್ನು ಇನ್ನೇನು ಆರಿಹೋಗುತ್ತದೆ ಎನ್ನುವಷ್ಟಕ್ಕೆ ಇಳಿಸಿದೆವು.

ಮೊದಲ ಸಲ ಒಳಗೆ ಚುಯ್ ಎಂದಾಗ ಅವಳು ಬೆಚ್ಚಿ ಎದ್ದಳು. ಸುಟ್ಟ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

"ಕೂತ್ಕೋ. ಅದು ಟೊಮೇಟೊ ನೀರು ಬಿಡೋ ಸದ್ದು. ಸೀಯೋ ಸದ್ದು ಒಣಗಿರುತ್ತೆ. ಬೇಕಾದ್ರೆ ತೆಗೆದು ನೋಡು, ಇಲ್ಲಿ ಯಾರೂ ಹೊಡೆಯಲ್ಲ."

ತೆಗೆಯಲಿಲ್ಲ, ಆದರೆ ಕೂತಳು. ಪಲ್ಯ ಬೇಯುವಷ್ಟು ಹೊತ್ತು ಅವಳು ಒಂದೊಂದೇ ಹೇಳಿದಳು. ಕೂದಲು ಹಿಡಿದು ಬಚ್ಚಲಿಗೆ ಎಳೆದದ್ದು. ಬಿದ್ದವಳ ಪಕ್ಕೆಗೆ ಬೂಟುಗಾಲಲ್ಲಿ ಒದ್ದು, ಉಸಿರು ಬರದೆ ಅವಳು ಬಾಯಿ ತೆರೆದುಕೊಂಡಾಗ, ನಾಟಕ ಮಾಡ್ತೀಯಾ ಎಂದು ಮತ್ತೆ ಒದ್ದದ್ದು. ಹೇಳುವಾಗ ಅವಳ ದನಿ ಸಂತೆಯ ವಿಷಯ ಹೇಳುವಷ್ಟು ಸಪ್ಪೆಯಾಗಿತ್ತು. ಕೇಳುತ್ತ ಕೇಳುತ್ತ ನಾನೇ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿದ್ದೆ.

"ಇವತ್ತು ಅವನಿಗೆ ಬಿಡಿಸಿ ಹೇಳ್ತೀನಿ," ಎಂದೆ. "ತಪ್ಪು ನಿಂದಲ್ಲ, ಕಾಯಿಂದು ಅಂತ. ತಿಂದು ನೋಡಿದ್ರೆ ಅವನಿಗೇ ಗೊತ್ತಾಗುತ್ತೆ. ನನ್ನ ಮಾತು ಕೇಳ್ತಾನೆ."

ಅವಳು ನನ್ನನ್ನೇ ನೋಡಿದಳು. ಕನಿಕರದಿಂದ ನೋಡಿದಳು, ನನ್ನ ಮೇಲಿನ ಕನಿಕರ.

"ಪಲ್ಯ ಸರಿ ಹೋದ್ರೆ ಅನ್ನ ಇರುತ್ತೆ ಅತ್ತಿಗೆ. ಅನ್ನ ಸರಿ ಹೋದ್ರೆ ಬಾಗಿಲು ತೆಗೆಯೋದು ತಡ ಆಗಿರುತ್ತೆ. ಅವರಿಗೆ ಹೊಡೆಯೋಕೆ ಒಂದು ನೆಪ ಬೇಕು, ಅಷ್ಟೇ. ಮುಂದಿನ ಸಲ ನಾನು ಉಳಿಯಲ್ಲ ಅನ್ಸುತ್ತೆ."

ಆ ಮಾತು ನನಗೆ ನಾಟಿತು. ಆದರೂ ನಂಬಲಿಲ್ಲ. ನನ್ನ ಮುದ್ದು, ನನ್ನ ಲಂಗದ ಹಿಂದೆ ಕೂತ ಹುಡುಗ, ಹೇಳಿದರೆ ತಿಳಿದುಕೊಳ್ಳದೇ ಇರುತ್ತಾನೆಯೇ ಎಂದುಕೊಂಡೆ. ಮೂರ್ಖತನಕ್ಕೆ ವಯಸ್ಸಿಲ್ಲ.

ಅವನು ಬಂದ. ಕೈ ತೊಳೆದು ಕೂತ. ಅವಳು ಬಡಿಸಿದಳು. ಕಾಯಿ ಹಸಿರು ಬಿಟ್ಟು ಕಂದಿ ಎಣ್ಣೆಯಲ್ಲಿ ಮಿರುಗುತ್ತಿತ್ತು, ಒಳಗಿನ ಕಾಳು ಬೆಣ್ಣೆಯಾಗಿತ್ತು. ಮೊದಲ ತುತ್ತಿಗೇ ಅವನ ದವಡೆ ನಿಂತಿತು. ಕಣ್ಣಲ್ಲಿ ನೀರು ಬಂತು.

"ಇದೇ ಅಕ್ಕಾ," ಎಂದ. "ಇದೇ. ನೋಡಿದ್ಯೇನೇ? ಇದಕ್ಕೆ ಪಲ್ಯ ಅಂತಾರೆ. ಜನ್ಮ ಎತ್ತಿ ಬಂದ್ರೂ ನಿನ್ನ ಕೈಲಿ ಆಗುತ್ತಾ?"

"ಅವಳೇ ಮಾಡಿದ್ದು ಕಣೋ ಮುದ್ದು," ಎಂದೆ. ಖುಷಿಯಿಂದಲೇ ಎಂದೆ. "ನಾನು ಸೌಟೂ ಮುಟ್ಟಿಲ್ಲ. ತಪ್ಪು ನೀನು ತರೋ ಕಾಯಿಂದು. ನಾವು ತಿಂತಿದ್ದದ್ದು ಬಲಿತ ಕಸ, ಮರೆತ್ಯಾ? ನೀನು ಎಳೇದು ತಂದು ಕೊಟ್ರೆ ಅವಳು ಏನು ಮಾಡ್ತಾಳೆ?"

ಅವನು ಮುಂದಿನ ತುತ್ತನ್ನು ನಿಧಾನವಾಗಿ ನುಂಗಿದ. ನೀರು ಕುಡಿದ. ನನಗೆ ಎಲ್ಲ ಸರಿಹೋಯಿತು ಎನ್ನಿಸಿತು.

"ಅಂದ್ರೆ ಇವಳಿಗೆ ಬರ್ತಿತ್ತು," ಎಂದ.

"ಏನು?"

"ಮಾಡೋಕೆ ಬರ್ತಿತ್ತು. ಇಷ್ಟು ದಿನ ಬೇಕು ಅಂತಲೇ ನನಗೆ ಕಸ ಹಾಕಿದಾಳೆ."

ಎದ್ದದ್ದು ಕಾಣಲಿಲ್ಲ. ಲೋಟ ಅವಳ ಬಾಯಿಗೆ ಬಡಿದ ಸದ್ದು ಕೇಳಿತು. ತುಟಿ ಸೀಳಿ ಹಲ್ಲು ಕಂಡಿತು. ಅವಳು ಕೆಳಗೆ ಕುಸಿಯುವ ಮುಂಚೆ ಕೂದಲು ಹಿಡಿದೆತ್ತಿ ಗೋಡೆಗೆ ಚಚ್ಚಿದ. ಒಮ್ಮೆ. "ನಗ್ತಿದ್ಯಾ ಒಳಗೊಳಗೆ? ನಮ್ಮಕ್ಕನ ಮುಂದೆ ನನ್ನ ಮರ್ಯಾದೆ ತೆಗೀತೀಯಾ?" ಮತ್ತೊಮ್ಮೆ. ಗೋಡೆಯ ಸುಣ್ಣದ ಮೇಲೆ ಕೆಂಪು ಇಳಿಯಿತು. ನಾನು ಅವನ ತೋಳಿಗೆ ಜೋತುಬಿದ್ದೆ. ಕೊಡವಿದ ಹೊಡೆತಕ್ಕೆ ಒಲೆಯ ಕಟ್ಟೆಯ ಮೇಲೆ ಬಿದ್ದೆ. ಅವಳು ಆಗಲೂ ಹಾ ಎನ್ನಲಿಲ್ಲ. ಕಣ್ಣು ಮಾತ್ರ ಮೇಲೆ ಹೊರಳುತ್ತಿತ್ತು. ಮುಂದಿನ ಸಲ ಎಂದು ಅವಳು ಹೇಳಿದ್ದು ಇದೇ, ಈಗಲೇ, ನನ್ನ ಕಣ್ಣೆದುರಿಗೇ ಎಂದು ನನಗೆ ಆಗ ಗೊತ್ತಾಯಿತು.

ಒಲೆಯ ಪಕ್ಕ ಇಳಿಸಿಟ್ಟಿದ್ದ ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿಯಾಗಿತ್ತು. ಎರಡೂ ಕೈಯಲ್ಲಿ ಎತ್ತಿ ಅವನ ತಲೆಗೆ ಹಾಕಿದೆ. ಒದ್ದೆ ಹಾಸಿಗೆಬಟ್ಟೆಯ ರಾಶಿ ಎತ್ತುವ ತೋಳು ನನ್ನದು. ಅವನ ಹಿಡಿತ ಬಿಟ್ಟುಹೋಯಿತು. ತಿರುಗಿದ. ತಿರುಗಿದವನ ಭುಜಕ್ಕೆ ಇನ್ನೊಂದು ಹಾಕಿದೆ. ಮೂಳೆ ಲಟಕ್ ಎಂದಿತು. ಅವನು ನೆಲದ ಮೇಲೆ ಕೂತು, ಕಿವಿಯಿಂದ ಇಳಿಯುತ್ತಿದ್ದ ರಕ್ತವನ್ನು ಮುಟ್ಟಿ ನೋಡಿ, ನನ್ನ ಮುಖ ನೋಡಿದ.

"ಅಕ್ಕಾ, ನನಗೆ ಹೊಡೆದ್ಯಾ?"

ಜೀವಮಾನದಲ್ಲಿ ಒಂದೇಟು ಹಾಕಿರಲಿಲ್ಲ ನಾನು ಅವನಿಗೆ. ಅವನ ಪಾಲಿನದ್ದನ್ನೆಲ್ಲ ನಾನೇ ತಿಂದವಳು. ಕರುಳು ಕಿತ್ತು ಬಂತು. ಪೆಟ್ಟಿಗೆಯನ್ನು ಮಾತ್ರ ಕೆಳಗಿಡಲಿಲ್ಲ.

ಅವಳನ್ನು ಎಬ್ಬಿಸಿ, ಬಾಯಿಗೆ ಟವೆಲ್ ಒತ್ತಿ, ಮೆಟ್ಟಿಲಿಳಿಸಿದೆ. ಪಕ್ಕದ ಮನೆಯವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. "ನೋಡಿದ್ರಲ್ಲ, ಕೇಳಿದ್ರೆ ನೋಡಿದೀವಿ ಅಂತ ಹೇಳಿ," ಎಂದು ಕೂಗಿ ಹೇಳಿಯೇ ಇಳಿದೆ. ನಮ್ಮ ಆಸ್ಪತ್ರೆಯಲ್ಲಿ ತುಟಿಗೂ ತಲೆಗೂ ಹೊಲಿಗೆ ಹಾಕಿದರು. ಅಲ್ಲಿಂದ ನೇರ ಪೊಲೀಸ್ ಠಾಣೆ.

ಮೇಜಿನ ಹಿಂದೆ ಒಬ್ಬ ಹೆಂಗಸು ಪೊಲೀಸ್. ಹೊಲಿಗೆ ಬಿದ್ದ ಬಾಯಲ್ಲಿ ಅವಳಿಗೆ ಮಾತು ಹೊರಡಲಿಲ್ಲ, ನಾನೇ ಹೇಳಿದೆ.

"ಇವರಿಗೆ ನೀವೇನಾಗಬೇಕು?"

"ಹೊಡೆದವನ ಅಕ್ಕ."

ಪೆನ್ನು ನಿಂತಿತು. ಅಷ್ಟರಲ್ಲಿ ಅವನೇ ಬಾಗಿಲಲ್ಲಿ ಕಾಣಿಸಿಕೊಂಡ. ತಲೆಗೆ ಬಟ್ಟೆ ಸುತ್ತಿದ್ದ, ಒಂದು ತೋಳು ಜೋತಾಡುತ್ತಿತ್ತು. ಲಿಫ್ಟಿನಿಂದ ಜನರನ್ನು ಇಳಿಸುವಾಗಿನ ಆ ಮೆತ್ತನೆಯ ದನಿಯಲ್ಲೇ ಹೇಳಿದ: "ಮನೆ ಜಗಳ ಮೇಡಂ. ಗಂಡ ಹೆಂಡತಿ ಜಗಳ ಉಂಡು ಮಲಗೋ ತನಕ, ನಿಮಗೆ ಗೊತ್ತಲ್ಲ. ಅಕ್ಕನ ಮೇಲೆ ನನಗೇನೂ ಕೋಪ ಇಲ್ಲ. ಹೇಳಕ್ಕಾ ಇವರಿಗೆ. ಏಳೇ, ಮನೆಗೆ ಹೋಗೋಣ."

ಅವಳು ಎದ್ದು ನಿಂತಳು. ಹೊಲಿಗೆ ಹಾಕಿದ ತಲೆ, ಮುರಿದ ಬೆರಳು, ಎಲ್ಲ ಹೊತ್ತುಕೊಂಡು, ಏಳು ಎಂದ ಕೂಡಲೇ ಎದ್ದು ನಿಂತಳು.

ನಾನು ಅವಳ ಸೆರಗು ಹಿಡಿದೆ. "ಬರ್ಕೊಳ್ಳಿ ಮೇಡಂ," ಎಂದೆ. "ಕೊಲ್ಲೋಕೆ ಹೋಗಿದ್ದ. ನಾನು ಕಣ್ಣಾರೆ ನೋಡಿದೀನಿ. ಎಲ್ಲಿ ಬೇಕಾದ್ರೂ ಬಂದು ಹೇಳ್ತೀನಿ."

"ಇವರ ತಲೆ ಒಡೆದದ್ದು ಯಾರು? ಅದನ್ನೂ ಬರೀಬೇಕಾಗುತ್ತೆ. ನಿಮ್ಮ ಮೇಲೂ ಕೇಸ್ ಬೀಳುತ್ತೆ."

"ಬೀಳಲಿ. ನಾನೇ. ಅದನ್ನ ಮೊದಲು ಬರ್ಕೊಳ್ಳಿ."

"ಅಕ್ಕಾ," ಎಂದ ಅವನು. ದನಿ ಒಡೆದಿತ್ತು. ಅವನ ಶರಟಿನ ಕಾಲರ್ ಒಂದು ಕಡೆ ಒಳಗೆ ಮಡಚಿಕೊಂಡಿತ್ತು. ಅದನ್ನು ಸರಿಮಾಡಲು ನನ್ನ ಕೈ ತಾನಾಗಿ ಎದ್ದಿತು. ಆ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತು, ಅವನ ಪೂರ್ತಿ ಹೆಸರು, ಅಪ್ಪನ ಹೆಸರು, ಕೆಲಸ, ವಿಳಾಸ, ಒಂದೊಂದಾಗಿ ಬರೆಸಿದೆ. ಅವನು ಇನ್ನೆರಡು ಸಲ ಅಕ್ಕಾ ಎಂದ. ಅವಳು ನನ್ನ ಪಕ್ಕದಲ್ಲಿ ಮೆಲ್ಲಗೆ ಕೂತಳು.