ಜೊತೆಗೊಬ್ಬ ಹೆಂಗಸು

ನಮ್ಮ ಸಸ್ಯಶಾಸ್ತ್ರದ ಕ್ಲಾಸಿನಲ್ಲಿ ನಾನೊಬ್ಬಳೇ ಹುಡುಗಿ. ಪಾಠಕ್ಕೆ ಮೊದಲು ಲೇಡೀಸ್ ರೂಮಿನಲ್ಲಿ ಕಾಯಬೇಕು. ಪ್ರೊಫೆಸರು ಬಂದರೆ ಅವರ ಬೆನ್ನ ಹಿಂದೆ ತಲೆ ತಗ್ಗಿಸಿ ಒಳಗೆ, ಪಾಠ ಮುಗಿದರೆ ಅವರ ಹಿಂದೆಯೇ ಹೊರಗೆ. ಆಗಿನ ಧಾರವಾಡದ ರಿವಾಜೇ ಹಾಗಿತ್ತು. ಒಮ್ಮೆ ಅದೇ ರೂಢಿಯಲ್ಲಿ ರಮಾಕಾಂತ ಸರ್ ಬೆನ್ನು ಹತ್ತಿದವಳು ಗಂಡಸರ ಮೂತ್ರಾಲಯದ ಬಾಗಿಲವರೆಗೂ ಹೋಗಿಬಿಟ್ಟಿದ್ದೆ! ಹುಡುಗರು ವಾರವಿಡೀ ನಕ್ಕರು. ನಕ್ಕು ಸಾಯಲಿ. ಆದರೆ ನಕ್ಕವರಲ್ಲಿ ಒಬ್ಬನಾದರೂ ನನ್ನೊಡನೆ ಮಾತಾಡಿದನೇ? ಮೊದಲ ವರ್ಷವಿಡೀ ಡಬ್ಬಿಯ ಚಪಾತಿಯನ್ನು ಗೋಡೆ ನೋಡುತ್ತ ಒಬ್ಬಳೇ ತಿಂದೆ.

೧೯೬೧ರ ಶ್ರಾವಣದಲ್ಲಿ ಗಿಡಗಳನ್ನು ಸಂಗ್ರಹಿಸಲು ಸುಳ್ಳ ಎಂಬ ಹಳ್ಳಿಗೆ ಟ್ರಿಪ್ಪು ಎಂದಾಯಿತು.

"ಜೊತಿಗೆ ಹೆಂಗಸರು ಯಾರೂ ಇಲ್ಲ. ನಿನ್ನೊಬ್ಬಾಕೀನ ಹೆಂಗ ಕರಕೊಂಡ ಹೋಗ್ಲೆವಾ?" ಎಂದರು ಸರ್.

ಹೋಗದಿದ್ದರೆ ಪರೀಕ್ಷೆಯಲ್ಲಿ ತೋರಿಸಲು ನನ್ನ ಹತ್ತಿರ ಒಂದು ಎಲೆಯೂ ಇರುವುದಿಲ್ಲ. ಮನೆಗೆ ಬಂದು ಪುಸ್ತಕ ಮೂಲೆಗೆ ಒಗೆದು, ನನಗೆ ಯಾರೂ ಇಲ್ಲವೆಂದು ಅತ್ತುಬಿಟ್ಟೆ.

ಅಡುಗೆಮನೆಯಿಂದ ಗೋದಾ ಅತ್ಯಾ ಇಣುಕಿದಳು. ಅಪ್ಪನ ಅಕ್ಕ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ನಮ್ಮ ಮನೆ ಸೇರಿದವಳು. ಕೆಂಪು ಸೀರೆ, ಬೋಳು ತಲೆ, ಒಲೆ, ಇಷ್ಟೇ ಅವಳ ಸಂಸಾರ.

"ಯಾಕ, ನಾ ಹೆಂಗಸ ಅಲ್ಲೇನ? ನಾ ಬರ್ತೇನಿ ತಗೋ."

ಅಪ್ಪ ಮುಖ ಗಂಟಿಕ್ಕಿಕೊಂಡೇ ಒಪ್ಪಿದರು.

ಸುಳ್ಳದ ಹೊಲದ ಬದುವಿನಲ್ಲಿ ಅತ್ಯಾ ಎರೆಮಣ್ಣಿನಲ್ಲಿ ಕಾಲು ಹೂತು ಧೊಪ್ಪನೆ ಕೂತಳು. ಎಬ್ಬಿಸಲು ಓಡಿಬಂದ ಏಕನಾಥನೆಂಬ ಹುಡುಗನೂ ಜಾರಿ ಪಕ್ಕದಲ್ಲೇ ಬಿದ್ದ. ಅತ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಕೇಳಬೇಕೇ! "ಅತ್ಯಾ, ಕೈ ಕೊಡ್ರಿ", "ಅತ್ಯಾ, ಈ ಹೂ ನೋಡ್ರಿ" ಎಂದು ಎಲ್ಲರೂ ಅವಳ ಸುತ್ತ. ಅವಳ ಅವಲಕ್ಕಿ ಗಂಟು ಗಳಿಗೆಯಲ್ಲಿ ಖಾಲಿ.

"ನಿಮ್ಮ ಅತ್ಯಾ ಭಾಳ ಛಲೋ ಇದ್ದಾರ್ರೀ" ಎಂದ ಏಕನಾಥ. ಆ ಕಾಲೇಜಿನಲ್ಲಿ ಒಬ್ಬ ಹುಡುಗ ನನಗೆ ಆಡಿದ ಮೊದಲ ಮಾತು ಅದು. ಹೌದರೀ ಎಂದು ನನ್ನ ಡಬ್ಬಿ ತೆಗೆದು ಅವನ ಮುಂದೆ ಹಿಡಿದೆ.

ಅಂದಿನಿಂದ ನಾನು ಕಾಲೇಜಿನಿಂದ ಬಂದ ಕೂಡಲೇ ಅತ್ಯಾಳ ಪ್ರಶ್ನೆ ಒಂದೇ: "ಮತ್ತ ಯಾವಾಗಂತ ಟ್ರಿಪ್ಪು?"

ಮುಂದಿನ ಜೂನಿನಲ್ಲಿ ಗಬ್ಬೂರಿನ ಕಸ್ತೂರೆವ್ವ ನಮ್ಮ ಕ್ಲಾಸಿಗೆ ಸೇರಿದಳು. ಮೊದಲ ದಿನವೇ ಇಬ್ಬರೂ ಬಾಯಿ ನೋಯುವಷ್ಟು ಮಾತಾಡಿದೆವು. ಹುಡುಗಿಯರು ಇಬ್ಬರಿದ್ದರೆ ಟ್ರಿಪ್ಪಿಗೆ ಅಡ್ಡಿಯಿಲ್ಲವೆಂದು ಸರ್ ಕೂಡ ಹೇಳಿದರು. ನಾನು ಓಡುತ್ತಲೇ ಮನೆಗೆ ಬಂದೆ.

"ಅತ್ಯಾ, ಇನ್ನೊಬ್ಬ ಹುಡುಗಿ ಬಂದಾಳ! ನನಗ ಜೊತಿ ಸಿಕ್ತು! ಇನ್ನ ಯಾರಿಗೂ ಕೈಕಾಲು ಬೀಳೋ ಗರಜಿಲ್ಲ!"

ಜೋಳದ ಭಕ್ಕರಿ ಬಡಿಯುತ್ತಿದ್ದ ಅತ್ಯಾಳ ಕೈ ನಿಂತಿತು.

"ಹಂಗಾರ," ಎಂದಳು, "ನಾ ಬರೋದು ಬ್ಯಾಡೇನವಾ?"