ಎಡದೋಳಿನ ತೂತು

ಖಾನಾಪುರದ ತವರುಮನೆಯಲ್ಲಿ ಸೊಸೆ ಸ್ನೇಹಲ ಹೆಣ್ಣುಕೂಸನ್ನು ಹೆತ್ತಳೆಂಬ ಸುದ್ದಿ ಬಂದ ದಿನವೇ, ಖಾಸಬಾಗದ ಕಾಂತಾಬಾಯಿ ಕಪಾಟಿನ ತಳದಿಂದ ಒಂದು ಹಳದಿ ಸ್ವೆಟರನ್ನು ಹೊರತೆಗೆದರು. ಸೊಸೆಯ ಮೊದಲ ಬಸುರಿನಲ್ಲಿ ಅವರೇ ಹೆಣೆದದ್ದು. ಅದನ್ನು ತೊಡಬೇಕಾಗಿದ್ದ ಗಂಡುಕೂಸು ಉಸಿರಿಲ್ಲದೆ ಹುಟ್ಟಿತ್ತು.

ಕೂಸು ಕಣ್ಣು ತೆರೆಯುವ ಮುನ್ನ ಅದಕ್ಕೆ ಹೊಸ ಅರಿವೆ ಸಿದ್ಧಪಡಿಸಬಾರದೆಂಬುದು ಆ ಜೈನ ಮನೆತನದ ಕಟ್ಟಳೆ. ಮೊಮ್ಮಗುವಿನ ಆಸೆಯಲ್ಲಿ ಕಾಂತಾಬಾಯಿ ಅದನ್ನು ಮೀರಿದ್ದರು. ಆಮೇಲೆ ಯಾರೂ ಬಾಯಿಬಿಟ್ಟು ದೂರಲಿಲ್ಲ. ಸ್ನೇಹಲ ಮಾತ್ರ ಅಂದಿನಿಂದ ಅತ್ತೆಯೊಡನೆ ಅಡಿಗೆಯ ಮಾತು, ನಳದ ನೀರಿನ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಆ ಮೌನವನ್ನು ಕಾಂತಾಬಾಯಿ ತಮ್ಮ ಮೇಲಿನ ದೂರೆಂದೇ ತಿಳಿದರು. ತಮ್ಮ ಕೈಯ ಹೆಣಿಗೆಯನ್ನು ಸೊಸೆ ಈ ಕೂಸಿಗೆ ತೊಡಿಸಿದರೆ ದೂರು ಕರಗಿದಂತೆ. ಪಕ್ಕಕ್ಕಿಟ್ಟರೆ ಇದ್ದಂತೆಯೇ ಇದ್ದೀತು.

"ಇನ್ನೂ ಇಟ್ಟೀಯೇನ ಅದನ್ನ?" ಎಂದರು ಪತಿ ಅಜಿತಕುಮಾರ, ಪತ್ರಿಕೆಯಿಂದ ತಲೆಯೆತ್ತಿ. "ಸತ್ತ ಕೂಸಿನ ಅರಿವಿ ಮನಿಯಾಗ ಇರಬಾರದು ಅಂತ ಅವಾಗ ಹೇಳಿದ್ನಿ."

"ಅರಿವಿ ಇದ್ರ ತಪ್ಪು. ಬರೇ ಉಣ್ಣಿ ಆದ್ರ ಯಾರದೂ ಅಲ್ಲಲ್ರಿ," ಎಂದ ಕಾಂತಾಬಾಯಿ ಕೊರಳಪಟ್ಟಿಯ ಗಂಟನ್ನು ಕತ್ತರಿಸಿದರು.

ಉಣ್ಣೆ ಸರಸರನೆ ಬಿಚ್ಚಿಬಂತು. ಎಡದೋಳಿನ ನಡುವೆ ಒಂದು ಸಣ್ಣ ತೂತು ಸಿಕ್ಕಿತು. ಆ ಒಂದು ತೋಳನ್ನು ಮಾತ್ರ ಸ್ನೇಹಲ ಹೆಣೆದಿದ್ದಳು. ಏಳು ತಿಂಗಳ ಬಸುರಿ, ಅತ್ತೆಯ ಬಾಜು ಕುಳಿತು ಕಡ್ಡಿ ಹಿಡಿಯುವುದನ್ನು ಕಲಿಯುತ್ತ, ಒಂದು ಕುಣಿಕೆಯನ್ನು ಜಾರಬಿಟ್ಟಿದ್ದಳು. ತಿದ್ದಲು ಹೋದ ಅತ್ತೆಯ ಕೈಯನ್ನು ತಡೆದು, "ಇರಲಿ ಬಿಡ್ರಿ ಅತ್ತಿ, ಕೂಸಿಗೆ ಗಾಳಿ ಆಡತೈತಿ," ಎಂದು ನಕ್ಕಿದ್ದಳು. ಕಾಂತಾಬಾಯಿಯ ಕೈ ಅಲ್ಲಿ ಗಳಿಗೆ ತಡೆಯಿತು. ಮತ್ತೆ ಎಳೆದರು; ತೂತು ತಾನಾಗಿಯೇ ಇಲ್ಲವಾಯಿತು.

ಬಿಚ್ಚಿದ ಉಣ್ಣೆಯಲ್ಲಿ ಹಳೆಯ ಹೆಣಿಗೆಯ ಸುಕ್ಕು ಉಳಿದಿರುತ್ತದೆ. ಅವರು ಅದನ್ನು ಲಡಿಯಾಗಿ ಸುತ್ತಿ, ಉಗುರುಬಿಸಿ ನೀರಿನಲ್ಲಿ ಅದ್ದಿ, ಹಿತ್ತಲ ತಂತಿಗೆ ತೂಗುಹಾಕಿ, ಸುಕ್ಕು ಬಿಡಲೆಂದು ಕೆಳಗೆ ಭಾರಕ್ಕೆ ತಂಬಿಗೆ ಕಟ್ಟಿದರು. ಹೆರಿಗೆಯ ಸೂತಕ ಕಳೆಯುವುದರೊಳಗೆ ಹೊಸ ಸ್ವೆಟರು ಸಿದ್ಧವಾಗಿತ್ತು. ಒಂದು ಕುಣಿಕೆಯೂ ತಪ್ಪಿರಲಿಲ್ಲ.

ಹೆಸರಿಡುವ ಹಿಂದಿನ ದಿನ ಅವರು ಒಬ್ಬರೇ ಖಾನಾಪುರದ ಬಸ್ಸು ಹತ್ತಿದರು. ದೇಸೂರು ದಾಟಿದರೂ ಮಂಜು ಹರಿದಿರಲಿಲ್ಲ.

"ಬರ್ರಿ ಬೀಗತ್ಯಾರ, ಕುಂದರ್ರಿ," ಎಂದರು ಸ್ನೇಹಲಳ ತಾಯಿ. "ಚೀಲಾ ಎದಿಗೆ ಅವಚಿಕೊಂಡೀರಿ, ಬ್ಯಾಂಕ್ ಲೂಟಿ ಮಾಡಿ ಬಂದವರಂಗ."

ಒಳಕೋಣೆಯಲ್ಲಿ ಸ್ನೇಹಲ ಅತ್ತೆಯ ಕೈಯಿಂದ ಸ್ವೆಟರನ್ನು ತೆಗೆದುಕೊಂಡಳು; ತಡಮಾಡದೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ತಾನೇ ತೊಡಿಸಿದಳು. ಇಷ್ಟು ಸುಲಭವೆಂದು ಕಾಂತಾಬಾಯಿ ಎಣಿಸಿರಲಿಲ್ಲ. ಅವರು ಗೋಡೆಗೆ ಒರಗಿ ಕುಳಿತರು.

"ಅತ್ತಿ, ಒಂದು ಕೇಳ್ಲೇನ್ರಿ?"

"ಕೇಳವಾ."

"ಮೊದಲಿನ ಸ್ವೆಟರ್ ನೀವು ಹೊರಗ ಒಗದಿಲ್ಲ, ನನಗ ಗೊತ್ತೈತಿ. ನೀವು ಬಸದಿಗೆ ಹೋದಾಗ ಕಪಾಟಿನ್ಯಾಗಿಂದ ತಗದು ನೋಡತಿದ್ನಿ." ಸ್ನೇಹಲ ಕೂಸಿನ ಗುಂಡಿ ಹಾಕುತ್ತಿದ್ದಳು. "ಇಲ್ಲಿಗೆ ಬರುವಾಗ ಕೇಳಬೇಕಂತ ಮಾಡಿದ್ನಿ, ಬಾಯಿ ಬರಲಿಲ್ಲ. ಎರಡು ವರ್ಷ ಆತು, ಅವನ ಮಾತು ಯಾರೂ ತಗಿಯೂದಿಲ್ಲ. ನೀವರೆ ತಗೀತೀರಿ ಅಂತ ಸುಮ್ಮನ ಕಾಯ್ಕೊಂತ ಇದ್ನಿ. ಅವಂದು ಅಂತ ಒಂದು ಫೋಟೋ ಸೈತ ಇಲ್ಲಲ್ರಿ. ಅದನ್ನ ನನಗ ಕೊಟ್ಟಬಿಡ್ರಿ."

ಕಾಂತಾಬಾಯಿಯ ದೃಷ್ಟಿ ಕೂಸಿನ ತೋಳಿನ ಮೇಲಿತ್ತು. ಆ ದೃಷ್ಟಿಯನ್ನು ಹಿಂಬಾಲಿಸಿ ಸ್ನೇಹಲಳ ಕಣ್ಣು ಅಲ್ಲಿಗೇ ಹೋಯಿತು. ಅವಳ ಬೆರಳು ಎಡದೋಳಿನ ಮೇಲೆ ಮೊಣಕೈಯವರೆಗೆ ಹೋಗಿ, ಹಿಂದಿರುಗಿ, ಮತ್ತೆ ಹೋಯಿತು. ಹೆಣಿಗೆ ಎಲ್ಲೆಡೆ ನುಣುಪಾಗಿತ್ತು.

"ಅದನ್ನ ಬಿಚ್ಚಿಬಿಟ್ಟೀರಿ," ಎಂದಳು.

"ಈಕಿಗೆ ಉಪಯೋಗ ಆಗಲಿ ಅಂತ…"

ಸ್ನೇಹಲ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೂಸಿನ ಕೈ ನೋಯದಂತೆ ತೋಳುಗಳನ್ನು ಕಳಚಿ, ಕೂಸನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದಳು. ಹಳದಿ ಸ್ವೆಟರನ್ನು ಮಡಚಿ ತಲೆದಿಂಬಿನ ಕೆಳಗಿಟ್ಟಳು.

ಚಹಾ ತಂದ ತಾಯಿ ಕೇಳಿದರು: "ಯಾಕ ತಗದಿ? ಛಂದ ಕಾಣತಿತ್ತಲ್ಲ."

"ಕೂಸಿಗೆ ಸೆಕಿ ಆಗಾಕತ್ತಿತ್ತವ್ವಾ," ಎಂದಳು ಸ್ನೇಹಲ. ಕಿಟಕಿಯ ಗಾಜು ಹೊರಗಿನ ಚಳಿಗೆ ಬೆಳ್ಳಗಾಗಿತ್ತು.

ಸಂಜೆ ಕಾಂತಾಬಾಯಿ ಖಾಸಬಾಗಕ್ಕೆ ಮರಳಿದಾಗ ಅಜಿತಕುಮಾರ ಊಟ ಮುಗಿಸಿ ಜಗಲಿಯಲ್ಲಿ ಕುಳಿತಿದ್ದರು. "ಹಾಕಿದ್ಲೇನ?"

"ಹಾಕಿದ್ಲು."

"ಮತ್ತ್ಯಾಕ ಚಿಂತಿ ಮಾಡತಿದ್ದಿ," ಎಂದು ಅವರು ಸಮಾಧಾನದಿಂದ ಒಳಗೆ ಹೋದರು.

ಬುಟ್ಟಿಯಲ್ಲಿ ಹಳದಿ ಉಣ್ಣೆ ಇನ್ನೂ ಒಂದಿಷ್ಟು ಉಳಿದಿತ್ತು. ಕಾಂತಾಬಾಯಿ ಕಡ್ಡಿಗಳನ್ನು ತೆಗೆದುಕೊಂಡು ಒಂದು ಪುಟ್ಟ ತೋಳನ್ನು ಆರಂಭಿಸಿದರು. ನಡುವಿಗೆ ಬಂದಾಗ ಒಂದು ಕುಣಿಕೆಯನ್ನು ಜಾರಬಿಡಲು ನೋಡಿದರು. ಪಳಗಿದ ಬೆರಳು ಅದನ್ನು ಹಿಡಿದುಬಿಟ್ಟಿತು. ಎರಡನೆಯ ಸಲ ಮನಸ್ಸು ಗಟ್ಟಿಮಾಡಿ ಬಿಟ್ಟರು. ತೂತು ಬಿತ್ತು. ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅದು ಸ್ನೇಹಲಳದಲ್ಲ, ಅವರದೇ ಕೈಯ ತೂತಾಗಿತ್ತು. ತುದಿ ಹಿಡಿದು ಬಿಚ್ಚತೊಡಗಿದರು.