ಚಿತ್ರಶಾಲೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ನಾನು ಒಂದು ಚಪ್ಪಲಿ. ಸರಿಯಾಗಿ ಹೇಳಬೇಕೆಂದರೆ ಬಲಗಾಲಿನ ಚಪ್ಪಲಿ. ಎಡಗಾಲಿನವನೂ ಇಲ್ಲೇ ಪಕ್ಕದಲ್ಲಿದ್ದಾನೆ, ಆದರೆ ಅವನದು ಮೊದಲಿನಿಂದಲೂ ಮಾತು ಕಡಿಮೆ. ಹೀಗಾಗಿ ಕತೆ ಹೇಳುವ ಕೆಲಸ ನನ್ನ ಪಾಲಿಗೇ ಬಂದಿದೆ. ಚಪ್ಪಲಿಯ ಬಾಯಲ್ಲಿ ಎಂಥ ಕತೆ ಎಂದು ಮೂಗು ಮುರಿಯಬೇಡಿ. ನಾನು ಇಟಲಿ ದೇಶ ಮೆಟ್ಟಿ ಬಂದವನು.

ಹುಟ್ಟಿದ್ದು ಅಥಣಿಯಲ್ಲಿ. ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಿನಲ್ಲಿ ದಿನಗಟ್ಟಲೆ ನೆನೆದು, ಬಿಸಿಲಲ್ಲಿ ಒಣಗಿ, ಬಡಿಸಿಕೊಂಡು ಹದವಾದೆ. ಯಲ್ಲಪ್ಪ ಅಡಿ ಕತ್ತರಿಸಿ ಹೊಲಿದ. ಅವನ ಹೆಂಡತಿ ದುರ್ಗವ್ವ ಮೇಲಿನ ಪಟ್ಟಿಗೆ ಜಡೆ ಹೆಣೆದಳು. ಹೆಣೆಯುವಾಗ ಅವಳು ಮೊಮ್ಮಗಳಿಗೆ ಬಯ್ಯುತ್ತಿದ್ದಳು, ಹಾಡುತ್ತಿದ್ದಳು, ಮತ್ತೆ ಬಯ್ಯುತ್ತಿದ್ದಳು. ನನಗೆ ಮಾತಿನ ಚಟ ಅಂಟಿದ್ದು ಅಲ್ಲಿಂದಲೇ ಇರಬೇಕು. ಹೊಸದರಲ್ಲಿ ನಮ್ಮ ಕುಲದವರೆಲ್ಲ ನಡೆಯುವಾಗ ಕರ್ ಕರ್ ಎನ್ನುತ್ತಾರೆ. ಎಣ್ಣೆ ಕುಡಿದು ನಾಲ್ಕು ಓಣಿ ತಿರುಗಿದ ಮೇಲೆ ತೆಪ್ಪಗಾಗುತ್ತಾರೆ. ನಾನು ಮಾತ್ರ ಕೊನೆಯವರೆಗೂ ತೆಪ್ಪಗಾಗಲಿಲ್ಲ.

ನನ್ನನ್ನು ಕೊಂಡವಳು ಬೆಳಗಾವಿಯ ಮಹಾನಂದಾ. ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡಿ, ಈ ಸದ್ದೇ ಛಲೋ ಅದ ಎಂದು ನಕ್ಕು, ಅಂಗಡಿಯಿಂದಲೇ ಮೆಟ್ಟಿಕೊಂಡು ಹೊರಟಳು. ಅಗಲ ಪಾದ, ಬಿರುಕಿನ ಹಿಮ್ಮಡಿ, ಭಾರದ ನಡಿಗೆ. ಒಳ್ಳೆಯ ಯಜಮಾನಿ. ಅವಳ ಮೈದುನನ ಹೆಂಡತಿ ಕಸ್ತೂರಿ ಹಿಂದಿನ ಓಣಿಯಲ್ಲಿದ್ದಳು. ನೆಗೆಣ್ಣಿಯರಿಬ್ಬರೂ ಹಿಂದೆ ಒಂದೇ ಒಲೆಯಲ್ಲಿ ಅಡಿಗೆ ಮಾಡಿದವರು. ಮನೆ ಬೇರೆಯಾದ ಮೇಲೂ ಮಹಾನಂದಾ ದಿನಾ ಸಂಜೆ ಅಲ್ಲಿಗೆ ಹೋಗುತ್ತಿದ್ದಳು. ಓಣಿಯಲ್ಲಿ ನನ್ನ ಕರ್ ಕರ್ ಕೇಳಿದ್ದೇ ತಡ, ಕಸ್ತೂರಿ ಒಲೆಯ ಮುಂದಿನಿಂದ ತಿರುಗಿ ಕೂಡ ನೋಡದೆ ಚಹಾದ ಪಾತ್ರೆಗೆ ಇನ್ನೊಂದು ಕಪ್ಪು ನೀರು ಹಾಕುತ್ತಿದ್ದಳು. ಬಾಗಿಲ ಬಳಿ ಬಿದ್ದುಕೊಂಡೇ ನಾನು ಆ ಸದ್ದು ಕೇಳುತ್ತಿದ್ದೆ. ನನಗೆ ಅದರಲ್ಲಿ ಬಹಳ ಹೆಮ್ಮೆಯಿತ್ತು.

ಆಮೇಲೆ ಆ ಕುಬಸ, ಬಸುರಿಗೆ ಉಡಿ ತುಂಬುವ ಶಾಸ್ತ್ರ, ಬಂತು. ಕಸ್ತೂರಿಯ ಮಗಳು ದೀಪಾಳಿಗೆ ಏಳು ತಿಂಗಳು ತುಂಬಿತ್ತು. ಮಹಾನಂದಾ ತನ್ನ ಮಡಿಲಲ್ಲಿ ಆಡಿಸಿ ಬೆಳೆಸಿದ ಹುಡುಗಿ ಅದು. ಮೊದಲ ಉಡಿ ದೊಡ್ಡವ್ವನೇ ತುಂಬಬೇಕೆಂದು ಮಾತಾಗಿತ್ತು. ಹಸಿರು ಸೀರೆಯನ್ನು ತಾನೇ ಕಣ್ಣಾರೆ ಆರಿಸಿ ತರುತ್ತೇನೆಂದು ಮಹಾನಂದಾ ಇಳಕಲ್ಲಿಗೆ ಹೋದಳು. ಬರುವಾಗ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಇತ್ತ ರಾಹುಕಾಲ ಹತ್ತಿರವಾಯಿತೆಂದು ಹಿರಿಯರು ಅವಸರ ಮಾಡಿದರು, ಕಸ್ತೂರಿ ಆರತಿ ಎತ್ತಿಬಿಟ್ಟಳು. ನಾವು ಬಾಗಿಲಿಗೆ ಬಂದಾಗ ಬೇರೆ ಯಾರೋ ಉಡಿ ತುಂಬಿ ಆಗಿತ್ತು. ಮಹಾನಂದಾ ಸೀರೆಯನ್ನು ಹೊಸ್ತಿಲ ಮೇಲಿಟ್ಟು ತಿರುಗಿ ನಡೆದಳು. ನೀರು ಕುಡಿಯಲಿಲ್ಲ, ನನ್ನನ್ನು ಕಾಲಿನಿಂದ ಕಳಚಲೂ ಇಲ್ಲ.

ಅಲ್ಲಿಗೆ ಮಾತು ನಿಂತಿತು. ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಕರೆ ಬಂತು, ಆದರೆ ಕಸ್ತೂರಿ ತಾನು ಬಾರದೆ ಗಂಡನ ಕೈಲಿ ಹೇಳಿ ಕಳಿಸಿದ್ದಳು. ಇವಳು ಹೋಗಲಿಲ್ಲ. ಮಗು ತಾಯಿಯ ಜೊತೆ ಸೊಲ್ಲಾಪುರಕ್ಕೆ ಹೋಯಿತು, ರಜೆಗೆ ಬಂತು, ನಡೆಯಲು ಕಲಿಯಿತಂತೆ, ಮಾತು ಕಲಿಯಿತಂತೆ. ಎಲ್ಲವೂ ಅಂತೆ ಕಂತೆ. ಮಹಾನಂದಾ ಮಗುವಿನ ಮುಖ ನೋಡಿರಲಿಲ್ಲ. ಒಮ್ಮೊಮ್ಮೆ ಸಂಜೆ ಅವಳ ಕಾಲು ತಾನಾಗಿ ಹಿಂದಿನ ಓಣಿಯ ತಿರುವಿನವರೆಗೆ ಹೋಗುತ್ತಿತ್ತು. ಅಲ್ಲಿ ನಿಂತು ಬೆರಳಲ್ಲಿ ನನ್ನನ್ನು ಬಿಗಿಯಾಗಿ ಹಿಡಿದುಕೊಂಡು, ಸದ್ದಾಗದ ಹಾಗೆ ಹಿಂದಿರುಗುತ್ತಿದ್ದಳು. ಒಂದು ಮಾತಾಡಿದರೆ ಮುಗಿಯುತ್ತಿತ್ತು. ಆದರೆ ಮೊದಲು ಯಾರು ಆಡಬೇಕು? ಹೆಂಗಸರ ಹಟ ದೊಡ್ಡದು ಎನ್ನುತ್ತಾರೆ. ಗಂಡಸರ ಹಟ ನೋಡಿದವರು ಹಾಗೆ ಹೇಳುವುದಿಲ್ಲ, ಆ ಮಾತು ಇರಲಿ.

ಹುಬ್ಬಳ್ಳಿಯ ಗುರುನಾಥ ಎಂಬವನು ಹೆಂಗಸರ ಗುಂಪು ಕಟ್ಟಿ ಪರದೇಶ ತೋರಿಸುತ್ತಿದ್ದ. ಮಹಾನಂದಾಳ ಗಂಡ ಅವಳ ಹೆಸರು ಬರೆಸಿದ. ವಿಮಾನ ನಿಲ್ದಾಣದಲ್ಲಿ ನಾನು ಕರ್ ಕರ್ ಎನ್ನುತ್ತ ಒಳಗೆ ಹೋದಾಗ, ಸಾಲಿನ ಮುಂದೆ ನಿಂತಿದ್ದ ಒಬ್ಬಾಕೆ ತಟ್ಟನೆ ತಿರುಗಿದಳು. ಕಸ್ತೂರಿ! ಇಬ್ಬರೂ ಮುಖ ತಿರುಗಿಸಿಕೊಂಡರು. ಇದು ಆ ಅಣ್ಣತಮ್ಮಂದಿರು ಚಹಾದಂಗಡಿಯಲ್ಲಿ ಕೂತು ಹೂಡಿದ ಹೂಟ ಎಂದು ನನಗೆ ಆಗಲೇ ಅನುಮಾನ ಬಂತು. ಎದುರಿಗೆ ನಿಂತು ಹೆಂಡಂದಿರಿಗೆ ಬುದ್ಧಿ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಇಟಲಿಯ ಊರೂರು ಸುತ್ತಿದೆವು. ಬಸ್ಸಿನಲ್ಲಿ ಒಬ್ಬಳು ಮುಂದೆ, ಒಬ್ಬಳು ಹಿಂದೆ. ಕಸ್ತೂರಿಯ ಕಾಲಲ್ಲಿ ಮಗಳು ಕೊಡಿಸಿದ, ಒಂದು ಅಳತೆ ದೊಡ್ಡದಾದ ಹೊಸ ಓಟದ ಬೂಟು. ಎರಡನೆಯ ದಿನಕ್ಕೇ ಅದು ಕಚ್ಚಿತ್ತೆಂದು ಅವಳ ನಡಿಗೆಯಲ್ಲೇ ನನಗೆ ತಿಳಿಯಿತು. ಮಹಾನಂದಾಳಿಗೂ ತಿಳಿದಿತ್ತು. ಅವಳು ಎರಡು ಸಲ ಹಿಂದೆ ನಿಂತು ನೋಡಿದಳು, ಎರಡು ಸಲವೂ ಮುಂದೆ ನಡೆದಳು.

ಫ್ಲಾರೆನ್ಸ್ ಎಂಬ ಊರಿನಲ್ಲಿ ಹಳೆಯ ಚಿತ್ರಗಳ ದೊಡ್ಡ ಅರಮನೆಯೊಂದಿದೆ. ಅದನ್ನು ತೋರಿಸಲು ಕಾರ್ಲಾ ಎಂಬ ಅಲ್ಲಿಯವಳೇ ಬಂದಳು. ಕೋಲಿನ ತುದಿಗೆ ಹಳದಿ ರಿಬ್ಬನ್ ಕಟ್ಟಿ ಮೇಲೆತ್ತಿ ಹಿಡಿದಿದ್ದಳು. ಎಲ್ಲರ ಕಿವಿಗೂ ಒಂದೊಂದು ಯಂತ್ರ. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಗುರುನಾಥ ಅದನ್ನು ಕನ್ನಡದಲ್ಲಿ ಹೇಳುವುದು. ಅವಳು ಒಂದು ಚಿತ್ರದ ಮುಂದೆ ನಿಂತು ಬಹಳ ಹೊತ್ತು ಮಾತಾಡಿದಾಗ ಇವನು, ಇದು ಭಾಳ ಹಳೇದು, ಭಾಳ ಛಂದ ಅದ ಎಂದು ಮುಗಿಸಿಬಿಡುತ್ತಿದ್ದ.

ಮೇಲೆ ನೋಡಿ ಎಂದಳು ಕಾರ್ಲಾ, ಎಲ್ಲರೂ ಕತ್ತೆತ್ತಿದರು. ಚಪ್ಪಲಿಯ ಪಾಡು ನಿಮಗೆ ಗೊತ್ತೇ ಇದೆ. ಮೇಲೆ ನೋಡಿದರೆ ಯಜಮಾನಿಯ ಅಂಗಾಲು, ಕೆಳಗೆ ನೋಡಿದರೆ ನೆಲ. ನೆಲ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಆದರೆ ಆ ಉದ್ದನೆಯ ಮೊಗಸಾಲೆಯ ಮೌನದಲ್ಲಿ ನನ್ನ ಕರ್ ಕರ್ ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಪರದೇಶದವರು ತಿರುಗಿ ತಿರುಗಿ ನೋಡಿದರು. ಮಹಾನಂದಾ ಸಂಕೋಚದಿಂದ ಹಗುರಾಗಿ ಹೆಜ್ಜೆಯಿಟ್ಟಳು, ನಾನು ಇನ್ನೂ ಜೋರಾಗಿ ಕೂಗಿದೆ.

ಒಂದು ಕೋಣೆಯ ಬಾಗಿಲಿಗೆ ಬಂದೆವು. ಒಳಗೆ ಎದುರಿಗೇ ತಾಯಿ ಮಗುವಿನ ಚಿತ್ರ. ನೀಲಿ ಸೆರಗಿನ ತಾಯಿ, ಮಡಿಲಲ್ಲಿ ದುಂಡನೆಯ ಕೂಸು ಎಂದು ಗುರುನಾಥ ಹೇಳುತ್ತಿದ್ದ. ಮಹಾನಂದಾ ನಿಂತಳು. ಆಮೇಲೆ, ಬೇಕೆಂದು ಮಾಡಿದ್ದಲ್ಲ, ಅವಳ ಕಾಲು ಹೊಸ್ತಿಲ ಹೊರಗೆ ನನ್ನನ್ನು ಬಿಟ್ಟು ಒಳಗೆ ಹೋಯಿತು. ಒಳಗೆ ತಾಯಿ ಕೂತಿದ್ದಾಳೆಂದರೆ ಹೊರಗೆ ಚಪ್ಪಲಿ ಬಿಡುವುದು ಆ ಕಾಲಿಗೆ ಹುಟ್ಟಿನಿಂದ ಬಂದ ರೂಢಿ. ಅವಳನ್ನು ನೋಡಿ ಗುಂಪಿನ ಇನ್ನಿಬ್ಬರು ಬಿಡಲು ಹೋದರು, ಗುರುನಾಥ ಕೈಮುಗಿದು ತಡೆದ.

ಹಾಗೆ ಬಿದ್ದುಕೊಂಡಾಗಲೇ ನಾನು ಮೊದಲ ಸಲ ಒಂದು ಚಿತ್ರ ನೋಡಿದ್ದು. ಜನರ ಕಾಲುಗಳ ಸಂದಿಯಲ್ಲಿ ಅದರ ಕೆಳಗಿನ ಒಂದು ಮೂಲೆ ಕಂಡಿತು. ಅಲ್ಲಿ ಕೂಸಿನ ಒಂದು ಪಾದವಿತ್ತು. ಬೆರಳು ಅಗಲಿಸಿಕೊಂಡ, ಇನ್ನೂ ನೆಲ ಮುಟ್ಟದ ಪಾದ. ಉಳಿದ ವಿದ್ಯೆ ನನಗೆ ಗೊತ್ತಿಲ್ಲ, ಪಾದ ಗೊತ್ತು. ಆ ಚಿತ್ರಗಾರನೂ ಕೂಸಿನ ಪಾದವನ್ನು ಕೈಯಲ್ಲಿ ಹಿಡಿದು ನೋಡಿದ್ದವನೇ ಸರಿ.

ಗುಂಪು ನೋಡಿ ಮುಗಿಸಿ ಮುಂದಿನ ಕೋಣೆಗೆ ಹೋಯಿತು. ಮಹಾನಂದಾ ಚಿತ್ರದ ಮುಂದೆಯೇ ಉಳಿದಳು. ಅವಳ ಬೆನ್ನು ಸಣ್ಣಗೆ ಅಲುಗುತ್ತಿತ್ತು. ಅಷ್ಟರಲ್ಲಿ ಕಾವಲಿನವನೊಬ್ಬ ಬಂದು ನಮ್ಮನ್ನು ನೋಡಿ ಬೆಚ್ಚಿದ. ಯಜಮಾನರಿಲ್ಲದ ವಸ್ತು ಕಂಡರೆ ಅಂಥ ಜಾಗದಲ್ಲಿ ಬಿಡುವುದಿಲ್ಲ. ಅವನು ಬಗ್ಗಿದ. ಚಪ್ಪಲಿ ಕಳೆದರೆ ಪೀಡೆ ಕಳೆಯಿತು ಎಂದು ನಮ್ಮ ಜನ ಸಮಾಧಾನ ಮಾಡಿಕೊಳ್ಳುತ್ತಾರೆ. ಕಳೆದುಹೋಗುವ ಚಪ್ಪಲಿಯನ್ನು ಯಾರೂ ಕೇಳಿಲ್ಲ.

ಆಗ ಕುಂಟುವ ಹೆಜ್ಜೆಯೊಂದು ಹಿಂದಕ್ಕೆ ಬಂತು. ಕಸ್ತೂರಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು, ನಮ್ಮಿಬ್ಬರನ್ನೂ ಕಾಲಿನಿಂದ ತನ್ನ ಹತ್ತಿರ ಎಳೆದುಕೊಂಡಳು. ಕಾವಲಿನವನು ಏನೋ ಕೇಳಿದ. ಅವಳು ಒಳಗೆ ಕೈ ತೋರಿಸಿ ಅಚ್ಚ ಬೆಳಗಾವಿಯ ಕನ್ನಡದಲ್ಲಿ ಹೇಳಿದಳು:

"ನಮ್ಮ ಅಕ್ಕಂದು ಅದಾವಪಾ. ಆಕಿ ಬರೂತನಾ ನಾ ನೋಡ್ಕೋತೀನಿ."

ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ, ಆದರೂ ಹೋದ. ನಮ್ಮ ಅಕ್ಕ! ನಾಲ್ಕು ವರ್ಷದ ಮೇಲೆ ಆ ಮಾತು ಕೇಳಿದವನು ನಾನೊಬ್ಬನೇ, ಒಳಗಿದ್ದವಳ ಕಿವಿಯಲ್ಲಿ ಯಂತ್ರವಿತ್ತು. ಗುರುನಾಥ ಓಡಿಬಂದು, ಮುಂದಿನ ಕೋಣೆಯಲ್ಲಿ ಇಡೀ ಲೋಕವೇ ನೋಡಲು ಬರುವ ಚಿತ್ರವಿದೆ, ಬನ್ನಿ ಎಂದ. ಕಸ್ತೂರಿ ಬೂಟು ಕಚ್ಚಿದೆ, ನಡೆಯಲಾರೆ ಎಂದಳು. ಕಚ್ಚಿದ್ದು ನಿಜ. ಆದರೆ ಅವಳು ಕೂತದ್ದು ಅದಕ್ಕಲ್ಲ. ಜಾತ್ರೆ, ಗುಡಿ ಎಂದು ಎಲ್ಲಿ ಹೋದರೂ ನೆಗೆಣ್ಣಿಯರಲ್ಲಿ ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಚಪ್ಪಲಿಯ ಹತ್ತಿರ ಕೂರುವುದು ಅವರ ಹಳೆಯ ಪದ್ಧತಿ. ಅವಳು ಬಗ್ಗಿ ನನ್ನನ್ನೇ ನೋಡುತ್ತಿದ್ದಳು. ಆ ಅರಮನೆಯಲ್ಲಿ ನಾನು ಪೂರ್ತಿಯಾಗಿ ನೋಡಿದ ಮುಖ ಅದೊಂದೇ.

ಮಹಾನಂದಾ ಕಣ್ಣೊರೆಸಿಕೊಂಡು ಹೊರಗೆ ಬಂದು ಬರಿಗಾಲಲ್ಲಿ ಅತ್ತಿತ್ತ ಹುಡುಕಿದಳು. ಬೆಂಚಿನ ಕೆಳಗೆ ಕಸ್ತೂರಿಯ ಎರಡು ಕಾಲುಗಳ ನಡುವೆ ನಮ್ಮನ್ನು ಕಂಡಳು. ಆಮೇಲೆ ಮಹಾನಂದಾ ಪಕ್ಕದಲ್ಲಿ ಕೂತಳು.

"ಈಗ ನೀ ಹೋಗಿ ನೋಡಿ ಬಾ," ಎಂದಳು. "ನಾ ಇಲ್ಲೆ ಕುಂದರ್ತೀನಿ."

ಅಷ್ಟೇ. ಮೊದಲ ಮಾತು ಯಾರು ಆಡಬೇಕೆಂಬ ನಾಲ್ಕು ವರ್ಷದ ವ್ಯಾಜ್ಯ ಅಲ್ಲಿಗೆ ತೀರಿತು. ಕಸ್ತೂರಿ ಬೂಟು ಕಳಚಿ ಒಳಗೆ ಹೋದಳು. ಕಾಲ್ಚೀಲದ ಹಿಮ್ಮಡಿಯಲ್ಲಿ ರಕ್ತದ ಕಲೆಯಿತ್ತು. ಅದು ಮಹಾನಂದಾಳ ಕಣ್ಣಿಗೆ ಬಿತ್ತು. ಕಸ್ತೂರಿ ಬರುವಷ್ಟರಲ್ಲಿ ನಮ್ಮಿಬ್ಬರನ್ನೂ ಅವಳ ಜಾಗದ ಮುಂದೆ ಸರಿಯಾಗಿ ಜೋಡಿಸಿ ಇಟ್ಟಿದ್ದಳು.

ಬಂದವಳು ನಮ್ಮಲ್ಲಿ ಕಾಲಿಟ್ಟಳು. ಹೊಸ ಪಾದ, ನನಗೆ ಸ್ವಲ್ಪ ಸಡಿಲ. "ಅಕ್ಕಾ," ಎಂದಳು, ತಲೆ ಎತ್ತದೆ. "ಅವತ್ತ ಯಾರ ಏನರ ಅನ್ಲಿ, ನಾ ಇನ್ನೊಂದ ಗಳಿಗಿ ತಡೀಬೇಕಾಗಿತ್ತು."

"ನಾನೂ ಒಳಗ ಬಂದ ಬೈಬೇಕಾಗಿತ್ತು," ಎಂದಳು ಮಹಾನಂದಾ. "ಹೊಸ್ತಿಲದಾಗಿಂದ ತಿರಗಬಾರದಾಗಿತ್ತು." ಆಮೇಲೆ ಕೇಳಿದಳು: "ಕೂಸಿನ ಕಾಲ ಹೆಂಗ ಅದಾವ? ಆ ಚಿತ್ರದಾಗಿನ್ಹಂಗ ದುಂಡಗ ಅದಾವೇನು?"

ಕಸ್ತೂರಿ ಫೋನು ತೆಗೆದಳು. ಇಬ್ಬರ ತಲೆಗಳೂ ಕೂಡಿದವು. ಅಲ್ಲಿ ಏನು ಕಂಡಿತೋ ನನಗೆ ಕಾಣಲಿಲ್ಲ. ನನ್ನ ಪಟ್ಟಿಯ ಮೇಲೆ ಬೆಚ್ಚಗಿನ ಹನಿಯೊಂದು ಬಿತ್ತು, ಯಾರದ್ದೆಂದು ಹೇಳಲಾರೆ. ಗುಂಪಿನವರೆಲ್ಲ ಲೋಕಪ್ರಸಿದ್ಧ ಚಿತ್ರ ನೋಡಿ ಬಂದು, ನೀವು ತಪ್ಪಿಸಿಕೊಂಡಿರಲ್ಲ ಎಂದು ಮರುಗಿದರು. ಇವರಿಬ್ಬರೂ ಹೌದ್ರೀ ಹೌದ್ರೀ ಎಂದು ನಗುತ್ತ ನಡೆದರು. ಇಳಕಲ್ ಸೀರೆಯ ಕೆಳಗೆ ಓಟದ ಬೂಟು ಹಾಕಿಕೊಂಡು ಮಹಾನಂದಾ, ಅವಳ ತೋಳು ಹಿಡಿದು ನನ್ನನ್ನು ಕರ್ ಕರ್ ಎನ್ನಿಸುತ್ತ ಕಸ್ತೂರಿ.

ಊರಿಗೆ ಬಂದ ಮೇಲೆ ಕಸ್ತೂರಿ ನನ್ನನ್ನು ವಾಪಸು ಕೊಡಲಿಲ್ಲ, ಮಹಾನಂದಾ ಕೇಳಲೂ ಇಲ್ಲ. ಆ ಬೂಟು ಮಹಾನಂದಾಳ ಅಗಲ ಪಾದಕ್ಕೆ ಒಗ್ಗಿ ಮೆತ್ತಗಾಯಿತಂತೆ. ದೀಪಾವಳಿಗೆ ಸೊಲ್ಲಾಪುರದಿಂದ ಮಗು ಬಂದಾಗ ಅದನ್ನು ಮೊದಲು ಎತ್ತಿಕೊಂಡವಳು ಅವಳೇ.

ಈಗ ನನಗೆ ವಯಸ್ಸಾಗಿದೆ. ಅಟ್ಟೆ ಸವೆದಿದೆ, ಹೆಬ್ಬೆರಳಿನ ಉಂಗುರ ಎರಡು ಸಲ ಹೊಲಿಸಿಕೊಂಡಿದೆ. ಕಸ್ತೂರಿಯ ಪಡಸಾಲೆಯ ಮೂಲೆಯಲ್ಲಿ, ಕೊಡೆಯ ಪಕ್ಕ, ಎಡಗಾಲಿನವನ ಜೊತೆ ನೆಮ್ಮದಿಯಾಗಿದ್ದೇನೆ. ಒಂಟಿ ಚಪ್ಪಲಿಗೆ ಈ ಲೋಕದಲ್ಲಿ ಬೆಲೆಯಿಲ್ಲ, ಜೋಡಿಯಾಗಿ ಮುದುಕರಾಗುವುದು ದೊಡ್ಡ ಪುಣ್ಯ. ರಜೆಗೆ ಬಂದಾಗ ಆ ಮಗು, ಅನ್ವಿ, ನಮ್ಮನ್ನು ಎಡಬಲ ಮಾಡಿ ಮೆಟ್ಟಿಕೊಂಡು ಪಡಸಾಲೆ ತುಂಬ ಓಡಾಡುತ್ತದೆ. ಪಾದ ಇನ್ನೂ ನನ್ನ ಮುಕ್ಕಾಲಿಗೂ ಬರುವುದಿಲ್ಲ. ಬೆರಳು ಅಗಲಿಸಿ ನನ್ನನ್ನು ಹಿಡಿದುಕೊಳ್ಳುತ್ತದೆ. ಈ ಪಾದವನ್ನು ನಾನು ಹಿಂದೆ ಒಮ್ಮೆ ನೋಡಿದ್ದೇನೆ.

ಮೊನ್ನೆ ಸಂಜೆ ಹಾಗೇ ಓಡಾಡುವಾಗ ನನ್ನ ಹಳೆಯ ಸದ್ದು ಹೊರಟಿತು, ಕರ್ ಕರ್. ಒಳಗೆ ಒಲೆಯ ಮುಂದಿದ್ದ ಕಸ್ತೂರಿ ತಿರುಗಿ ನೋಡಲಿಲ್ಲ. ಪಾತ್ರೆಗೆ ಇನ್ನೊಂದು ಕಪ್ಪು ನೀರು ಹಾಕಿದಳು. ಆಮೇಲೆ ಹೊರಗೆ ಇಣುಕಿ, ಮೊಮ್ಮಗಳನ್ನು ಕಂಡು, ತನ್ನ ಮರುಳಿಗೆ ತಾನೇ ನಕ್ಕಳು. ಹಾಕಿದ ನೀರನ್ನು ಮಾತ್ರ ತೆಗೆಯಲಿಲ್ಲ. ಚಹಾ ಕುದಿಯುವಷ್ಟರಲ್ಲಿ, ಎಳ್ಳಷ್ಟೂ ಸದ್ದು ಮಾಡದ ಆ ಬೂಟು ಹಾಕಿಕೊಂಡು, ಮಹಾನಂದಾ ಬಾಗಿಲಲ್ಲಿ ನಿಂತಿದ್ದಳು.